ಅಜ್ಜಿಯ ವಾಚು ನಡೆಯುತ್ತಿದೆ, ನಿಮಗೆಲ್ಲ ಥ್ಯಾಂಕ್ಸ್

ಅಜ್ಜಿಯ ವಾಚು ಮತ್ತೆ ನಡೆಯಲು ಶುರುವಾಗಿ ಇವತ್ತಿಗೆ ನೂರು ದಿನ. ದಿನಾ ಬೆಳಿಗ್ಗೆ ಅಮ್ಮ ಕೀಲಿ ಕೊಡುತ್ತಾರೆ, ಕಿವಿಗೆ ಹಿಡಿದು ಕೇಳುತ್ತಾರೆ, ಆಮೇಲೇ ಮೇಜಿನ ಮೇಲೆ ಇಡುತ್ತಾರೆ. ನೂರು ದಿನ ಆಗುವವರೆಗೆ ಏನೂ ಬರೆಯಬಾರದು ಅಂದುಕೊಂಡಿದ್ದೆ. ಈ ಹಿಂದೆ ಎರಡು ಸಲ ಸರಿಯಾಯ್ತು ಅಂತ ಎಲ್ಲರಿಗೂ ಹೇಳಿ, ಎರಡು ಸಲವೂ ವಾರದೊಳಗೆ ನಿಂತುಹೋಗಿತ್ತು. ಈಗ ಧೈರ್ಯ ಬಂದಿದೆ.

ಅಜ್ಜಿ ನರ್ಸ್ ಆಗಿದ್ದರು. ರೋಗಿಯ ಮಣಿಕಟ್ಟು ಹಿಡಿದು, ಇದೇ ವಾಚಿನ ಸೆಕೆಂಡಿನ ಮುಳ್ಳು ನೋಡುತ್ತ ನಾಡಿ ಎಣಿಸುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗಲೂ ಹಾಗೇ. ಗಂಟೆಗೆ 18,000 ಬಡಿತದ ವಾಚು, ಅಂದರೆ ಸೆಕೆಂಡಿಗೆ ಐದು. ಅಜ್ಜಿ ಹೋದ ಮೇಲೆ ಅದು ಡಬ್ಬಿ ಸೇರಿತು. ಆಗಾಗ ಯಾರಾದರೂ ಕೀಲಿ ಕೊಟ್ಟು ಓಡಿಸುತ್ತಿದ್ದೆವು. ಅದೇ ತಪ್ಪಾಯಿತು. ಒಳಗಿನ ಎಣ್ಣೆ ಒಣಗಿ ಎಷ್ಟೋ ವರ್ಷ ಆಗಿತ್ತು. ಒಣಗಿದ ಎಣ್ಣೆಗೆ ಧೂಳು ಸೇರಿದರೆ ಅದು ಅರದ ಹಾಗೆ ಉಕ್ಕನ್ನು ತಿನ್ನುತ್ತದೆ. ಹಾಗೆ ಸವೆದು ನಿಂತಿದ್ದಾಗ ಒಂದು ದಿನ ಕೈಜಾರಿ ಬಿತ್ತು. ಆಚೀಚೆ ತಿರುಗುತ್ತ ವಾಚಿನ ವೇಗ ಹಿಡಿದಿಡುವ ಬ್ಯಾಲೆನ್ಸ್ ವೀಲಿನ ನಡುವಿನ ಅಚ್ಚು, ಅಂದರೆ ಬ್ಯಾಲೆನ್ಸ್ ಸ್ಟಾಫ್, ಒಂದು ತುದಿಯಲ್ಲಿ ಮುರಿಯಿತು. ಏಟು ಬಿದ್ದರೆ ತಡೆದುಕೊಳ್ಳುವ ಇಂಕಾಬ್ಲಾಕ್ ಎಂಬ ಏರ್ಪಾಡು 1930ರ ದಶಕದಲ್ಲೇ ಬಂದಿತ್ತು. ಆದರೂ ಆಮೇಲೆ ಬಂದ ಎಷ್ಟೋ ವಾಚುಗಳಲ್ಲಿ ಅದಿಲ್ಲ. ಇದರಲ್ಲೂ ಇರಲಿಲ್ಲ.

ಮೊದಲು ರಿಪೇರಿಗೆ ಕೊಟ್ಟ ಕಡೆ ಮುರಿದ ಸ್ಟಾಫನ್ನು ಹೊಡೆದು ತೆಗೆದಿದ್ದರು. ಅದನ್ನು ಲೇತಿಗೆ, ಅಂದರೆ ತಿರುಗಿಸಿ ಕಡೆಯುವ ಯಂತ್ರಕ್ಕೆ ಹಾಕಿ, ರಿವೆಟ್ ಮಾಡಿದ (ಚಕ್ರಕ್ಕೆ ಬಡಿದು ಕೂರಿಸಿದ) ಅಂಚನ್ನು ಕೊರೆದು ಬಿಡಿಸಬೇಕಿತ್ತಂತೆ. ಹೊಡೆದಿದ್ದಕ್ಕೆ ಬ್ಯಾಲೆನ್ಸ್ ವೀಲಿನ ತೂತು ಅಗಲವಾಗಿಬಿಟ್ಟಿತ್ತು. ಆಮೇಲೆ ನಾನು ಹುಡುಕಿ ಹುಡುಕಿ ತಂದ ಒರಿಜಿನಲ್ ಸ್ಟಾಫ್ ಕೂಡ ಅದರಲ್ಲಿ ಸಡಿಲ. ಎರಡು ಸಲ ವಾಚು ನಿಂತಿದ್ದು ಇದಕ್ಕೇ. ಅಂದರೆ ಒರಿಜಿನಲ್ ಪಾರ್ಟು ಕೈಯಲ್ಲೇ ಇದ್ದರೂ ಉಪಯೋಗಕ್ಕೆ ಬರಲಿಲ್ಲ. ಆ ದಿನ ನಿಜವಾಗಿಯೂ ಕೈಚೆಲ್ಲಿ ಕೂತಿದ್ದೆ.

ಮೊದಲ ಥ್ಯಾಂಕ್ಸ್ ಮೇಷ್ಟ್ರಿಗೆ. ಅವರು ಪಾಠ ಮಾಡುವ ಮೇಷ್ಟ್ರಲ್ಲ, ಜೀವನವಿಡೀ ವಾಚು ರಿಪೇರಿ ಮಾಡಿದವರು. ನಾನು ಹಾಗೆ ಕರೆಯುತ್ತೇನೆ ಅಷ್ಟೇ. "ಪಾರ್ಟು ಸಿಗಲ್ಲ ಅಂದ್ರೆ ಮಾಡ್ಕೋಬೇಕು, ಮೊದಲು ಎಲ್ಲಾರೂ ಮಾಡ್ತಿದ್ದದ್ದು ಅದೇ ತಾನೇ" ಅಂದರು. ಅವರೇ ಮಾಡಿಕೊಟ್ಟಿದ್ದರೆ ಒಂದು ಮಧ್ಯಾಹ್ನದ ಕೆಲಸ. ಹಾಗೆ ಮಾಡಲಿಲ್ಲ. ನನ್ನನ್ನೇ ಲೇತಿನ ಮುಂದೆ ಕೂರಿಸಿದರು.

ಗಟ್ಟಿ ಮಾಡಿ, ನೀಲಿ ಬಣ್ಣ ಬರುವವರೆಗೆ ಹದವಾಗಿ ಕಾಯಿಸಿದ ಉಕ್ಕಿನ ತಂತಿ. ಅದನ್ನು ಚೂಪು ಉಳಿಯಿಂದ ಕಡೆಯಬೇಕು. ಸ್ಟಾಫಿನ ತುದಿಗೆ ಆಸರೆಯಾದ ರತ್ನದ ತೂತಿನೊಳಗೆ ತಿರುಗುವ ಮೊನೆಯ ದಪ್ಪ 0.10 ಮಿಲಿಮೀಟರ್, ತಲೆಗೂದಲಿಗಿಂತ ಒಂದು ಚೂರು ಜಾಸ್ತಿ. ಪೂರ್ತಿ ಅಳತೆಗೆ ಕಡೆಯುವ ಹಾಗಿಲ್ಲ. 0.12ಕ್ಕೆ ನಿಲ್ಲಿಸಿ, ಉಳಿದಿದ್ದನ್ನು ಉಜ್ಜಿ ಉಜ್ಜಿ ಇಳಿಸಬೇಕು. ಆಗ ಮೇಲ್ಮೈ ಕನ್ನಡಿಯಂತಾಗುತ್ತದೆ, ಗಟ್ಟಿಯೂ ಆಗುತ್ತದೆ. ಅಳತೆ ಸರಿಯಾಯಿತೇ ಎಂದು ನೋಡುವುದಕ್ಕೆ ಮೇಷ್ಟ್ರು ಮೈಕ್ರೋಮೀಟರ್ ಕೈಗೇ ಕೊಡಲಿಲ್ಲ. ಮೊನೆಯನ್ನು ರತ್ನದ ತೂತಿಗೆ ಇಳಿಸಿ ಚಿಮ್ಮಟ ಬಿಡು ಅಂದರು. ಸ್ಟಾಫ್ ನೆಟ್ಟಗೆ ನಿಂತರೆ ಬಿಗಿ, ಪೂರಾ ಒರಗಿದರೆ ಸಡಿಲ. ಸ್ವಲ್ಪವೇ ಸ್ವಲ್ಪ ವಾಲಿ ನಿಲ್ಲಬೇಕು. ಏಳು ಸ್ಟಾಫ್ ಮುರಿದೆ. ಏಳನೆಯದು ಮುರಿದಾಗಲೂ ಅವರು ಬೈಯಲಿಲ್ಲ, ಸುಮ್ನೆ ಇನ್ನೊಂದು ತುಂಡು ತಂತಿ ಮುಂದಿಟ್ಟರು. ಎಂಟನೆಯದು ಹೇಗೆ ವಾಲಬೇಕೋ ಹಾಗೇ ವಾಲಿ ನಿಂತಿತು. ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯಲು ಮನಸ್ಸೇ ಬರಲಿಲ್ಲ, ನೋಡುತ್ತಲೇ ಇದ್ದೆ. ಅಗಲವಾಗಿದ್ದ ತೂತಿಗೆ ತಕ್ಕ ಹಾಗೆ ಅದರ ನಡುಭಾಗವನ್ನು ಒಂದಿಷ್ಟು ದಪ್ಪ ಬಿಟ್ಟಿದ್ದೆವು. ವಾಚಿನೊಳಗೆ ಈಗ ಇರುವುದು ಅದೇ. ಮೇಷ್ಟ್ರೇ, ನಿಮ್ಮ ಋಣ ದೊಡ್ಡದು.

ಸ್ಟಾಫ್ ಒಂದೇ ಅಲ್ಲ, ಕೀಲಿ ಕೊಡುವ ಕಡೆ ಕ್ಲಚ್ ವೀಲಿನ ಹಲ್ಲುಗಳೂ ಸವೆದಿದ್ದವು. ತಿರುಗಿಸಿದರೆ ಕಟಕಟ ಜಾರುತ್ತಿತ್ತು. ಇದನ್ನೂ ಮಾಡಿಕೊಳ್ಳಬಹುದಿತ್ತೇನೋ, ನನ್ನಿಂದಾಗುವ ಕೆಲಸವಲ್ಲ. ಅಷ್ಟರಲ್ಲಿ, ಮುಖವನ್ನೇ ನೋಡದ ಒಬ್ಬರು ಒಂದು ಸತ್ತ ವಾಚು ಕಳಿಸಿಕೊಟ್ಟರು. ಡಯಲ್ ಮೇಲೆ ಬೇರೆಯೇ ಹೆಸರು. ಬ್ಯಾಲೆನ್ಸ್ ವೀಲಿನ ಕೆಳಗೆ ಮಾತ್ರ ಅದೇ ಕ್ಯಾಲಿಬರ್ ನಂಬರ್, ಅಂದರೆ ಒಳಗಿನ ಯಂತ್ರದ ಮಾದರಿಯ ನಂಬರ್. ಒಂದೇ ಕಾರ್ಖಾನೆಯ ಯಂತ್ರವನ್ನು ಹತ್ತಾರು ಕಂಪನಿಗಳು ಕೊಂಡು ತಮ್ಮ ಹೆಸರು ಹಾಕುತ್ತಿದ್ದ ಕಾಲ ಅದು. 1969ರಲ್ಲಿ ಸೀಕೋ ಕ್ವಾರ್ಟ್ಜ್ ಕೈಗಡಿಯಾರ ತಂದ ಮೇಲೆ ಅಂಥ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಪಾರ್ಟುಗಳೂ ನಿಂತವು. ಈಗ ಉಳಿದಿರುವುದು ಡ್ರಾಯರುಗಳಲ್ಲಿ ಮಲಗಿರುವ ಇಂಥ ವಾಚುಗಳೇ. ಹಾಳಾಗಿದೆ ಅಂತ ದಯವಿಟ್ಟು ಯಾವುದನ್ನೂ ಎಸೆಯಬೇಡಿ. ಕಳಿಸಿಕೊಟ್ಟವರೇ, ನೀವು ಕೊರಿಯರ್ ಖರ್ಚನ್ನೂ ತೆಗೆದುಕೊಳ್ಳಲಿಲ್ಲ. ಅದನ್ನು ಮರೆಯುವುದಿಲ್ಲ.

ಕೀಲಿ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ವಿಷಯದಲ್ಲಿ ನನ್ನನ್ನು ತಡೆದ ಗೆಳತಿಗೂ ಥ್ಯಾಂಕ್ಸ್. ಹಳೆಯ ಉಕ್ಕಿನ ಸ್ಪ್ರಿಂಗ್ ಸೋತು, ಸುರುಳಿಯಾಗಿಯೇ ಉಳಿದಿತ್ತು. ಅಳತೆಗೆ ಹತ್ತಿರವಿದ್ದ, ಸ್ವಲ್ಪ ದಪ್ಪದ ಸ್ಪ್ರಿಂಗ್ ಸಿಕ್ಕಿತು, ಹಾಕಿಬಿಡೋಣ ಅಂತ ಹೊರಟಿದ್ದೆ. "ದಪ್ಪ 10% ಜಾಸ್ತಿಯಾದ್ರೆ ಬಲ 33% ಜಾಸ್ತಿಯಾಗತ್ತೆ, ಲೆಕ್ಕ ಹಾಕಿ ನೋಡು" ಅಂದಳು. ಬಲ ಜಾಸ್ತಿಯಾದರೆ ಬ್ಯಾಲೆನ್ಸ್ ಅಳತೆ ಮೀರಿ ತಿರುಗಿ, ಸುತ್ತಿಬಂದು, ತನ್ನನ್ನು ತಳ್ಳುವ ಫೋರ್ಕಿನ ಹಿಂಬದಿಗೆ ಬಡಿಯುತ್ತದೆ. ವಾಚು ಕುದುರೆಯಂತೆ ಓಡುತ್ತದೆ. ಸವೆದ ಯಂತ್ರಕ್ಕೆ ಬಲ ತುಂಬಿ ಓಡಿಸುವುದು ರಿಪೇರಿ ಅಲ್ಲ ಅನ್ನುವುದು ನನಗೆ ಆಗ ಅರ್ಥವಾಯಿತು. ಇನ್ನೆರಡು ತಿಂಗಳು ಕಾದು, ಸರಿಯಾದ ಅಳತೆಯದ್ದೇ ಹಾಕಿದೆ. ತುಕ್ಕು ಹಿಡಿಯದ ಹೊಸ ಮಿಶ್ರಲೋಹದ್ದು. ಇದೊಂದನ್ನು ಮಾತ್ರ ಹಳೆಯ ಉಕ್ಕೇ ಬೇಕು ಅಂತ ಹಟ ಹಿಡಿಯಬಾರದು ಅನ್ನಿಸುತ್ತದೆ.

ಡಯಲ್ ಮೇಲಿನ ಕಂದುಬಣ್ಣದ ಚುಕ್ಕೆಗಳನ್ನು ಕೆರೆಯಲು ಹೋದಾಗ ಕೈ ಹಿಡಿದು ನಿಲ್ಲಿಸಿದ ಅಣ್ಣನಿಗೂ. ಅದು ಕತ್ತಲಲ್ಲಿ ಹೊಳೆಯಲೆಂದು ಹಚ್ಚುತ್ತಿದ್ದ, ವಿಕಿರಣ ಸೂಸುವ ರೇಡಿಯಂ ಬಣ್ಣ. ಹೊಳಪು ಹೋಗಿದ್ದರೂ ರೇಡಿಯಂ ಹೋಗಿರುವುದಿಲ್ಲ, ಅರ್ಧ ಕರಗಲು ಅದಕ್ಕೆ 1,600 ವರ್ಷ ಬೇಕು. ಅದರ ಧೂಳು ಮೂಗು ಬಾಯಿಗೆ ಹೋಗುವುದೇ ಅಪಾಯ. ಡಯಲ್ ಇದ್ದ ಹಾಗೇ ಇದೆ.

ಇನ್ನು ನಾಲ್ಕು ಜನರಿದ್ದಾರೆ, ಅವರ ಹೆಸರು ಗೊತ್ತಿಲ್ಲ. ಹಿಂಬದಿಯ ಮುಚ್ಚಳದ ಒಳಗೆ, ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುವಷ್ಟು ತೆಳುವಾಗಿ, ನಾಲ್ಕು ಬೇರೆ ಬೇರೆ ಕೈಬರಹದ ಗೀರುಗಳಿವೆ. ಅಂಕಿಗಳು, ಒಂದೆರಡು ಅಕ್ಷರ. ಪ್ರತಿ ಸರ್ವಿಸಿಗೆ ರಿಪೇರಿಯವರು ಹಾಕಿದ ಗುರುತು. ಅಜ್ಜಿ ನಾಡಿ ಎಣಿಸುತ್ತಿದ್ದ ಅಷ್ಟೂ ವರ್ಷ ವಾಚು ಸರಿಯಾದ ಟೈಮು ತೋರಿಸಿದ್ದು ಇವರಿಂದ. ಯಾರೂ ಒಂದು ಸ್ಕ್ರೂ ತಲೆಯನ್ನೂ ಹಾಳು ಮಾಡಿಲ್ಲ. ನಾನು ಐದನೆಯ ಗೀರು ಹಾಕಲಿಲ್ಲ. ಸ್ಟಾಫಿನ ಪ್ರತಿ ಭಾಗದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು, ಮುರಿದ ಸ್ಟಾಫಿನ ಜೊತೆ ಪೊಟ್ಟಣ ಕಟ್ಟಿ, ವಾಚಿನ ಡಬ್ಬಿಯಲ್ಲಿಟ್ಟಿದ್ದೇನೆ. ಮುಂದೆ ಬಿಚ್ಚುವವರಿಗೆ ಬೇಕಾಗುತ್ತೆ ಅಲ್ವಾ.

ನಿನ್ನೆ ವಾಚಿನ ಓಟ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟು ನೋಡಿದೆ. ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ತಿರುಗುವ ಅಳತೆ, 268 ಡಿಗ್ರಿ, ದಿನಕ್ಕೆ 8 ಸೆಕೆಂಡ್ ಮುಂದೆ. ಈ ವಯಸ್ಸಿನ ವಾಚಿಗೆ ಇದಕ್ಕಿಂತ ಇನ್ನೇನು ಬೇಕು.

ಕೊನೆಯದಾಗಿ ಒಂದು ಮಾತು. ನನಗೆ ಬಂದ ಆ ಸತ್ತ ವಾಚಿನಲ್ಲಿ ಬ್ಯಾರೆಲ್, ಎಸ್ಕೇಪ್ ವೀಲ್, ಪ್ಯಾಲೆಟ್ ಫೋರ್ಕ್, ಸೆಟಿಂಗ್ ಲಿವರ್ ಎಲ್ಲ ಇನ್ನೂ ಚೆನ್ನಾಗಿವೆ. ತೊಳೆದು, ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಹೆಸರು ಬರೆದಿದ್ದೇನೆ. ನಿಮ್ಮ ವಾಚಿಗೆ ಯಾವುದಾದರೂ ಬೇಕಿದ್ದರೆ ಕ್ಯಾಲಿಬರ್ ನಂಬರ್ ಹೇಳಿ, ಹೊಂದಿದರೆ ಕಳಿಸಿಕೊಡುತ್ತೇನೆ. ಕೊರಿಯರ್ ಖರ್ಚು ನನ್ನದೇ.