ಹಳೇ ಫ್ಲಾಪಿ ಓದೋಕೆ ಮೈಸೂರಲ್ಲಿ ಒಂದು ಜಾಗ ಬೇಡ್ವಾ?

ಸಂಪಾದಕರಿಗೆ ನಮಸ್ಕಾರ,

ಹಳೇ ಎಲೆಕ್ಟ್ರಾನಿಕ್ ಸಾಮಾನೆಲ್ಲಾ ಇ-ತ್ಯಾಜ್ಯಕ್ಕೆ ಕೊಟ್ಬಿಡಿ ಅಂತ ಈಗ ಎಲ್ಲಾ ಕಡೆ ಹೇಳ್ತಿದಾರೆ, ಒಳ್ಳೇದೇ, ನಾನೂ ಸತ್ತೋಗಿದ್ದ ಮಾನಿಟರ್ರು, ಯುಪಿಎಸ್ಸು ಎಲ್ಲಾ ಕೊಟ್ಟೆ. ಆದ್ರೆ ಅಟ್ಟದ ಮೇಲಿರೋ ಫ್ಲಾಪಿ (ಹಿಂದೆ ಕಂಪ್ಯೂಟರ್ ಫೈಲು ಇಡ್ತಿದ್ದ ತೆಳ್ಳಗಿನ ಡಿಸ್ಕು) ಡಬ್ಬ, ಕ್ಯಾಸೆಟ್ಟು, ಅವನ್ನ ಓದೋ ಡ್ರೈವು, ಇವನ್ನ ಕೊಡೋಕ್ಕೆ ಮುಂಚೆ ಸ್ವಲ್ಪ ತಡೀರಿ ಅಂತ ಹೇಳೋಕೇ ಈ ಪತ್ರ.

ನಮ್ಮನೇಗೆ ಮೊದಲು ಬಂದ ಕಂಪ್ಯೂಟರ್ ಅಂದ್ರೆ ಸಿಂಕ್ಲೇರ್ ಸ್ಪೆಕ್ಟ್ರಮ್, ಇಂಗ್ಲೆಂಡಲ್ಲಿದ್ದ ಸೋದರಮಾವ ತಂದಿದ್ದು. 1982ರಲ್ಲಿ ಅಲ್ಲಿ ಬಿಡುಗಡೆ ಆದ ಮಷೀನು, ಮೆಮೊರಿ 48 ಕೆಬಿ, ಈಗ ಫೋನಲ್ಲಿ ತೆಗೆಯೋ ಒಂದು ಫೋಟೋನೂ ಅದರಲ್ಲಿ ಹಿಡಿಸಲ್ಲ. ರಬ್ಬರ್ ಕೀಗಳು, ಒಂದು ಕೀ ಒತ್ತಿದ್ರೆ ಒಂದು ಅಕ್ಷರ ಅಲ್ಲ, ಪೂರ್ತಿ ಪದಾನೇ ಬರ್ತಿತ್ತು, ಪಿ ಒತ್ತಿದ್ರೆ ಪ್ರಿಂಟ್, ಜೆ ಒತ್ತಿದ್ರೆ ಲೋಡ್. ಮಾನಿಟರ್ ಅಂತ ಏನೂ ಇಲ್ಲ, ಮನೆ ಟಿವಿಗೇ ಸಿಕ್ಕಿಸ್ಬೇಕು. ಇಲ್ಲೇ ಒಂದು ತೊಡಕು, ಅದು ಸಿಗ್ನಲ್ ಕೊಡೋದು ಯುಎಚ್‌ಎಫ್ 36ನೇ ಚಾನಲ್ಲಲ್ಲಿ, ನಮ್ಮ ಬ್ಲಾಕ್ ಅಂಡ್ ವೈಟ್ ಟಿವಿ ಹಿಡೀತಿದ್ದಿದ್ದು ದೂರದರ್ಶನ ಬರೋ ವಿಎಚ್‌ಎಫ್ ಮಾತ್ರ. ಅಗ್ರಹಾರದಲ್ಲಿ ಒಬ್ರು ರೇಡಿಯೋ ಟಿವಿ ರಿಪೇರಿಯವರಿದ್ರು, ಕಂಪ್ಯೂಟರ್ ಅನ್ನೋದನ್ನ ಅವತ್ತೇ ಮೊದಲು ನೋಡಿದ್ದಂತೆ, ಎರಡನ್ನೂ ಬಿಚ್ಚಿ ಟೇಬಲ್ ಮೇಲೆ ಹರಡ್ಕೊಂಡು ವೀಡಿಯೋ ವೈರನ್ನ ಟಿವಿ ಒಳಗೆ ನೇರವಾಗಿ ಬೆಸುಗೆ ಹಾಕಿ ಕೊಟ್ಬಿಟ್ರು. ಅಂಥ ಕೈಗಳು ಆಗ ಮೈಸೂರಲ್ಲಿ ಗಲ್ಲಿಗೊಂದು ಇದ್ವು. ಟಿವಿ ಒಂದೇ ಆದ್ರಿಂದ ಮನೇಲಿ ಜಗಳಾನೂ ಜಾಸ್ತಿ, ರಾಮಾಯಣ ಬರ್ತಿದ್ದ ಕಾಲದಲ್ಲಂತೂ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದವರೆಲ್ಲಾ ಬಂದು ಕೂತಿರೋರು, ವೈರ್ ಮುಟ್ಟಿದ್ರೆ ಅಜ್ಜಿ ಬೈಯ್ತಿದ್ರು.

ಪ್ರೋಗ್ರಾಂ ಇಡೋದು ಕ್ಯಾಸೆಟ್ಟಲ್ಲಿ. ಪಿ.ಬಿ. ಶ್ರೀನಿವಾಸ್ ಹಾಡು ಕೇಳ್ತಿದ್ದ ಅದೇ ಟೇಪ್ ರೆಕಾರ್ಡರ್ರೇ ಡಿಸ್ಕು. ದೊಡ್ಡ ಗೇಮಾದ್ರೆ ಐದು ನಿಮಿಷ ಕೀರ್ ಅಂತ ಕಿರುಚೋದು, ಸ್ಕ್ರೀನಿನ ಅಂಚಲ್ಲಿ ಪಟ್ಟೆ ಪಟ್ಟೆ ಓಡೋದು, ಎಲ್ಲಾ ಮುಗೀತು ಅನ್ನೋಷ್ಟರಲ್ಲಿ ಟೇಪ್ ಲೋಡಿಂಗ್ ಎರರ್. ವಾಲ್ಯೂಮ್ ಮುಕ್ಕಾಲಕ್ಕೆ ಇಟ್ರೆ ಸರಿ, ಇಲ್ಲಾಂದ್ರೆ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಟೇಪ್ ಓದೋ ಹೆಡ್ಡಿನ ಪಕ್ಕದ ಸ್ಕ್ರೂನ ಕೂದಲೆಳೆಯಷ್ಟು ತಿರುಗಿಸ್ಬೇಕು, ಶಬ್ದ ಸ್ವಲ್ಪ ಚೂಪಾಯ್ತು ಅಂದ್ರೆ ಓದತ್ತೆ. ಕೇಳಿಸ್ಕೊಂಡೇ ಹೇಳ್ಬೋದಿತ್ತು ಲೋಡ್ ಆಗತ್ತಾ ಇಲ್ವಾ ಅಂತ. ಈಗಿನ ಹುಡುಗರಿಗೆ ಹೇಳಿದ್ರೆ ತಮಾಷೆ ಮಾಡ್ತಿದೀರಾ ಅಂಕಲ್ ಅಂತಾರೆ.

ಆಮೇಲೆ ತೊಂಬತ್ತರ ದಶಕದಲ್ಲಿ 486 ಅನ್ನೋ ಪಿಸಿ ಬಂತು, ಬೆಂಗಳೂರು ಎಸ್.ಪಿ. ರೋಡಿಂದ ಪಾರ್ಟ್ಸ್ ತಂದು ಜೋಡಿಸಿದ್ದು. ಅದಕ್ಕೆ ಸ್ಟೆಬಿಲೈಸರ್ರು, ಅತ್ತಿಗೆ ಹೊಲಿದ ಕವರ್ರು, ಆಯುಧಪೂಜೆ ದಿನ ಸಿಪಿಯುಗೆ ಕುಂಕುಮ, ಮಾನಿಟರ್ ಮೇಲೆ ಚೆಂಡುಹೂವು. ಫ್ಲಾಪಿಯಿಂದ ಫ್ಲಾಪಿಗೆ ವೈರಸ್ ಹರಡೋ ಕಾಲ ಅದು, ಜೋಶಿ ಅಂತ ಒಂದು ವೈರಸ್ ಇತ್ತು, ಜನವರಿ 5ಕ್ಕೆ ಮಷೀನ್ ನಿಲ್ಲಿಸ್ಬಿಟ್ಟು ಹ್ಯಾಪಿ ಬರ್ತ್‌ಡೇ ಜೋಶಿ ಅಂತ ಟೈಪ್ ಮಾಡು ಅನ್ನೋದು, ಮಾಡಿದ್ರೆ ಬಿಡೋದು, ಈಗಿನ ವೈರಸ್ಸುಗಳಿಗೆ ಹೋಲಿಸಿದ್ರೆ ಎಷ್ಟೋ ಮರ್ಯಾದಸ್ತ.

ಈಗ ನಿಜವಾದ ವಿಷಯ. ಮಂಡ್ಯದಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರಾಗಿದ್ದ ನಮ್ಮ ಚಿಕ್ಕಪ್ಪ ಮದ್ದೂರು, ಮಳವಳ್ಳಿ ಕಡೆ ಹಳ್ಳಿಗಳಲ್ಲಿ ಹೆಂಗಸರ ಹತ್ರ ಕೂತು ಸೋಬಾನೆ ಪದ, ರಾಗಿ ಬೀಸೋ ಪದ ಬರ್ಕೊಂಡು ಬರ್ತಿದ್ರು. ನಮ್ಮಲ್ಲಿ ಕಂಪ್ಯೂಟರ್ ನೋಡಿ ಅವರೂ ಒಂದು ತಗೊಂಡ್ರು, ರಾತ್ರಿ ಕರೆಂಟ್ ಇದ್ದಾಗೆಲ್ಲಾ ಕೂತು ಅಷ್ಟನ್ನೂ ಟೈಪ್ ಮಾಡಿ ಫ್ಲಾಪಿಗೆ ಹಾಕಿ ಬಾಲ್‌ಪೆನ್ನಲ್ಲಿ ಊರಿನ ಹೆಸರು ಬರೆದಿಟ್ರು. ಕಂಪ್ಯೂಟರಲ್ಲಿ ಇದೆಯಲ್ಲ ಅಂತ ಮನೆಯವರು ನೋಟ್‌ಬುಕ್ಕುಗಳನ್ನ ಹಳೇ ಪೇಪರಿನವನಿಗೆ ಹಾಕಿದಾರೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಡಬ್ಬ ನನ್ನ ಹತ್ರ ಬಂತು, ಅರ್ಧದಷ್ಟು ಮೂರೂವರೆ ಇಂಚಿನವು, ಉಳಿದಿದ್ದು ಐದೂಕಾಲು ಇಂಚಿನ ದೊಡ್ಡವು. ಚಿಕ್ಕವಕ್ಕೆ ಯುಎಸ್‌ಬಿ ಡ್ರೈವ್ ಸಿಗತ್ತೆ, ತರಿಸ್ದೆ, ಕೆಲವು ತೆರೀತು, ತೆರೆದ್ರೆ ಕನ್ನಡ ಎಲ್ಲಿ? ಬರೀ ಕೊಂಬು ಚುಕ್ಕಿ ಇರೋ ಇಂಗ್ಲಿಷ್ ಅಕ್ಷರಗಳ ರಾಶಿ.

ಯಾಕೆ ಹೀಗೆ ಅಂದ್ರೆ, ಎಲ್ಲಾ ಭಾಷೆಯ ಅಕ್ಷರಕ್ಕೂ ಅದರದ್ದೇ ಒಂದು ನಂಬರ್ ಕೊಡೋ ಯೂನಿಕೋಡಲ್ಲಿ ಕನ್ನಡ 1991ರಿಂದಾನೇ ಇದ್ರೂ ನಮ್ಮ ಮನೆ ಮಷೀನುಗಳಿಗೆ ಅದು ಬಂದಿದ್ದು 2001ರ ವಿಂಡೋಸ್ ಎಕ್ಸ್‌ಪಿ ಆದ್ಮೇಲೆ. ಅಲ್ಲೀವರೆಗೂ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸ್ತಿದ್ರು, ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ, ಆ ಫಾಂಟ್ ಇಲ್ಲಾಂದ್ರೆ ಓದೋಕಾಗಲ್ಲ. ಬರಹ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಫೈಲುಗಳನ್ನ ಯೂನಿಕೋಡಿಗೆ ಬದಲಾಯಿಸೋಕೆ ಕನ್ವರ್ಟರ್ ಇದೆ, ಆದ್ರೆ 1998ರಲ್ಲಿ ಬರಹ ಬರೋಕ್ಕೆ ಮುಂಚಿನ ಫೈಲುಗಳ ಕಥೆ ಕಷ್ಟ. ಜೊತೆಗೆ ನಮ್ಮ ಮಳೆಗಾಲದ ತೇವಕ್ಕೆ ಫ್ಲಾಪಿ, ಕ್ಯಾಸೆಟ್ ಎರಡಕ್ಕೂ ಬಿಳೀ ಬೂಷ್ಟು ಹಿಡಿಯತ್ತೆ, ಅದು ಯಾರಿಗೂ ಕಾಯಲ್ಲ.

ಮೈಸೂರಿಗೆ ಇದು ಹೊಸ ಕೆಲಸ ಏನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಸಂಸ್ಕೃತ ವಿದ್ವಾಂಸ ಶಾಮಾಶಾಸ್ತ್ರಿಗಳಿಗೆ ಸಿಕ್ಕಿದ್ದು ಇದೇ ಊರಿನ ಓರಿಯಂಟಲ್ ಲೈಬ್ರರೀಲಿ, ಯಾರೋ ತಂದ್ಕೊಟ್ಟಿದ್ದನ್ನ ಜೋಪಾನವಾಗಿ ಇಟ್ಟಿದ್ರಿಂದ. ರೈಲ್ವೆಯವರು 1979ರಲ್ಲೇ ಹಳೇ ಇಂಜಿನ್ನುಗಳಿಗೆ ಮ್ಯೂಸಿಯಂ ಮಾಡಿದ್ರು. ನಾನು ಕೇಳ್ತಿರೋದು ಮ್ಯೂಸಿಯಮ್ಮೂ ಅಲ್ಲ, ಗಾಜಿನ ಪೆಟ್ಟಿಗೇಲಿ ಇಟ್ಟು ಮುಟ್ಟಬೇಡಿ ಅಂತ ಬೋರ್ಡ್ ಹಾಕಿದ್ರೆ ಏನುಪಯೋಗ. ಮಾನಸಗಂಗೋತ್ರೀಲೋ, ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್‌ನಂಥ ಇಂಜಿನಿಯರಿಂಗ್ ಕಾಲೇಜಲ್ಲೋ ಒಂದು ಟೇಬಲ್ ಸಾಕು. ಎರಡೂ ಸೈಜಿನ ಫ್ಲಾಪಿ ಡ್ರೈವ್ ಇರೋ ಒಂದು ಹಳೇ ಪಿಸಿ, ಒಳ್ಳೇ ಕ್ಯಾಸೆಟ್ ಡೆಕ್ಕು, ಹಳೇ ಫಾಂಟುಗಳ ಒಂದು ಸಂಗ್ರಹ. ಜನ ತಂದಿದ್ದನ್ನ ಹುಡುಗರು ಪ್ರಾಜೆಕ್ಟ್ ಥರ ತೆಗೆದು ಯೂನಿಕೋಡಿಗೆ ಹಾಕ್ಕೊಡ್ಲಿ, ಕನ್ವರ್ಟರ್ ಇಲ್ಲದ ಕಡೆ ಹೊಸದು ಬರೀಲಿ, ಯಾವುದೋ ಉಪಯೋಗಕ್ಕೆ ಬಾರದ ಪ್ರಾಜೆಕ್ಟ್ ದುಡ್ಡು ಕೊಟ್ಟು ತರೋದಕ್ಕಿಂತ ಇದು ವಾಸಿ ಅಲ್ವಾ.

ಓದುಗರಲ್ಲೂ ಒಂದು ಕೇಳಿಕೆ. ಐದೂಕಾಲು ಇಂಚಿನವಕ್ಕೆ ಚಿಕ್ಕವಕ್ಕೆ ಸಿಗೋ ಥರ ಸಿದ್ಧ ಯುಎಸ್‌ಬಿ ಡ್ರೈವ್ ಸಿಗಲ್ಲ, ಹಳೇ ಡ್ರೈವೇ ಬೇಕು, ಅದನ್ನ ಸಿಕ್ಕಿಸೋಕೆ ಹಳೇ ಮದರ್‌ಬೋರ್ಡೋ ಅದಕ್ಕಂತಲೇ ಇರೋ ಯುಎಸ್‌ಬಿ ಬೋರ್ಡೋ ಬೇಕು. ಮೈಸೂರು, ಮಂಡ್ಯ ಕಡೆ ಯಾರ ಮನೇಲಾದ್ರೂ ಅಂಥದ್ದು ಇನ್ನೂ ಕೆಲಸ ಮಾಡ್ತಿದ್ರೆ ಗುಜರಿಗೆ ಹಾಕೋ ಮೊದಲು ಪತ್ರಿಕೆಗೆ ಒಂದು ಸಾಲು ಬರೀರಿ, ನಾನೇ ಫ್ಲಾಪಿ ತಗೊಂಡು ನಿಮ್ಮನೇಗೆ ಬರ್ತೀನಿ.

ಇತಿ,
ಒಬ್ಬ ಓದುಗ, ಕುವೆಂಪುನಗರ, ಮೈಸೂರು