ಶಿಬಿರಗಳಲ್ಲಿ ಕ್ಯಾಲ್ಸಿಯಂ ಪರೀಕ್ಷೆಯೂ ಇರಲಿ

ಮಾನ್ಯ ಸಂಪಾದಕರೇ,

ಮುಂಬೈಯ ನಮ್ಮ ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುತ್ತಾರೆ. ರಕ್ತದ ಕ್ಯಾಲ್ಸಿಯಂ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ವಿಪರೀತ ಬಾಯಾರಿಕೆ, ಮಲಬದ್ಧತೆ, ಸುಸ್ತು, ಮಾತಿನ ನಡುವೆ ಮರೆವು. ಶುಗರ್ ಸರಿಯಿತ್ತು. ‘ವಯಸ್ಸಾಯ್ತಲ್ವಾ’ ಎಂದು ಎಲ್ಲರೂ ಸುಮ್ಮನಾದರು. ಕೊನೆಗೆ ನೋಡಿದರೆ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ 12 ದಾಟಿತ್ತು! ವಾರಕ್ಕೊಂದು ತಗೊಳ್ಳಬೇಕಾದ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಅವರು ತಿಂಗಳುಗಟ್ಟಲೆ ದಿನಾ ಹಾಲಿಗೆ ಹಾಕಿ ಕುಡಿದಿದ್ದರು. ಚೀಟಿ ಇಂಗ್ಲಿಷಿನಲ್ಲಿ, ಮೆಡಿಕಲ್ ಅಂಗಡಿಯವರು ಹೇಳಿದ್ದು ಮರಾಠಿಯಲ್ಲಿ. ಅಜ್ಜಿಗೆ ಎರಡೂ ಬರದು.

ಕ್ಯಾಲ್ಸಿಯಂ ಏರಲು ಇಂಥ ಪುಡಿಯ ಅತಿಬಳಕೆಯೊಂದೇ ಕಾರಣವಲ್ಲ. ಥೈರಾಯ್ಡ್ ಹಿಂದಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಬೆಳೆದರೂ ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿಯಲ್ಲಿ ಕಲ್ಲಾಗಬಹುದು. ವಿಯೆನ್ನಾದ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ 1925ರಲ್ಲೇ ಅಂಥ ಗಡ್ಡೆ ತೆಗೆದಿದ್ದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಮಾಮೂಲಿ ರಕ್ತಪರೀಕ್ಷೆಗೆ ಕ್ಯಾಲ್ಸಿಯಂ ಸೇರಿಸಿದ ಮೇಲೆ ಅಡಗಿದ್ದ ಎಷ್ಟೋ ಕೇಸುಗಳು ಹೊರಬಂದವು.

ಹಿರಿಯರಿಗಾದರೂ ಶಿಬಿರಗಳಲ್ಲಿ ಈ ಪರೀಕ್ಷೆ ಮಾಡಿಸಿ. ಯಾವ ಔಷಧಿ ಎಷ್ಟು ದಿನಕ್ಕೊಮ್ಮೆ ಎಂದು ಕನ್ನಡದಲ್ಲಿ ಬರೆದುಕೊಡಲು ಸಂಘಗಳ ಡಾಕ್ಟರರು ದಯವಿಟ್ಟು ಮುಂದೆ ಬರಲಿ.

– ಓದುಗ, ಡೊಂಬಿವಲಿ