ಸಾರ್ಬಿಟಾಲ್‌ನಲ್ಲಿ ಸೆರೆಯೂ ಇಲ್ಲ, ಹಣ್ಣೂ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಶುಗರ್ ಫ್ರೀ ತಿನಿಸುಗಳ ಬಗ್ಗೆ ಬಂದ ಬರಹ ಓದಿದೆ. 'ಸಕ್ಕರೆ ಆಲ್ಕೋಹಾಲ್‌ಗಳು ಗಿಡಮರಗಳಿಂದ ಸಿಗುವ ನೈಸರ್ಗಿಕ ಸಿಹಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸಕ್ಕರೆ ಬದಲು ಹಾಕುವ ಸಾರ್ಬಿಟಾಲ್, ಮ್ಯಾನಿಟಾಲ್, ಮಾಲ್ಟಿಟಾಲ್, ಕ್ಸೈಲಿಟಾಲ್, ಎರಿಥ್ರಿಟಾಲ್ ಎಲ್ಲ ಈ ಗುಂಪಿನವೇ. ನಾನು ಮೆಡಿಕಲ್ ಶಾಪ್ ನಡೆಸುವವನು. ಇಂಥ ಸಾಲು ಓದಿ ಬರುವವರ ಪ್ರಶ್ನೆಗಳಿಗೆ ಕೌಂಟರಿನಲ್ಲಿ ನಿಂತು ಉತ್ತರ ಕೊಡುವವನೂ ನಾನೇ, ಅದಕ್ಕೇ ಬರೆಯುತ್ತಿದ್ದೇನೆ.

ಆಲ್ಕೋಹಾಲ್ ಅಂದ ಕೂಡಲೇ ನಮ್ಮ ಕಡೆ ಜನ ಸೆರೆ ಅಂದುಕೊಳ್ಳುತ್ತಾರೆ. ಕೆಮ್ಮಿನ ಸಿರಪ್ ಬಾಟಲಿ ಮೇಲೆ ಸಾರ್ಬಿಟಾಲ್ ಅಂತ ಓದಿ, ಫೋನಿನಲ್ಲಿ ಹುಡುಕಿ, "ಅಣ್ಣಾರ, ಇದರಾಗ ಆಲ್ಕೋಹಾಲ್ ಐತಂತ, ಕೂಸಿಗೆ ಹೆಂಗ ಕೊಡ್ಲಿ" ಎಂದು ವಾಪಸ್ ತರುವ ತಾಯಂದಿರಿದ್ದಾರೆ. ಇಂಗಾಲಕ್ಕೆ ಆಕ್ಸಿಜನ್ ಮತ್ತು ಹೈಡ್ರೋಜನ್ ಜೋಡಿ ಅಂಟಿಕೊಂಡ ವಸ್ತುಗಳನ್ನು ರಸಾಯನಶಾಸ್ತ್ರದಲ್ಲಿ ಆಲ್ಕೋಹಾಲ್ ಅಂತಾರೆ, ಹೆಸರಿನ ಕೊನೆಗೆ 'ಆಲ್' ಬರುವುದೂ ಅದಕ್ಕೇ. ನಶೆ ಏರಿಸುವುದು ಎಥನಾಲ್. ಸಾರ್ಬಿಟಾಲ್‌ಗೆ ಆ ಗುಣ ಇಲ್ಲ.

ಇನ್ನು ಗಿಡಮರದ ಮಾತು. ಹೆಸರುಗಳು ಅಲ್ಲಿಂದಲೇ ಬಂದವು, ನಿಜ, ಮತ್ತು ಆ ಕಥೆಗಳು ಬಹಳ ಚೆಂದ ಇವೆ. ಇಟಲಿಯ ಸಿಸಿಲಿಯಲ್ಲಿ ಒಂದು ಜಾತಿಯ ಆ್ಯಶ್ ಮರ ಇದೆ. ಬೇಸಿಗೆಯಲ್ಲಿ ಅದರ ತೊಗಟೆಗೆ ಅಡ್ಡಡ್ಡ ಕಚ್ಚು ಹಾಕುತ್ತಾರೆ, ರಸ ಒಸರಿ, ಬಿಸಿಲಿಗೆ ಒಣಗಿ, ಬೆಳ್ಳಗೆ ಪಟ್ಟಿ ಪಟ್ಟಿಯಾಗಿ ಕಾಂಡಕ್ಕೇ ಅಂಟಿಕೊಳ್ಳುತ್ತದೆ. ಅದರ ಹೆಸರು ಮನ್ನಾ. 1806ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಪ್ರೂಸ್ಟ್ ಅದರಿಂದ ಬೇರ್ಪಡಿಸಿದ್ದೇ ಮ್ಯಾನಿಟಾಲ್. ಮೆದುಳಿಗೆ ಬಾವು ಬಂದಾಗ ಐಸಿಯುನಲ್ಲಿ ಡ್ರಿಪ್ ಏರಿಸುತ್ತಾರಲ್ಲ, ಅದೇ ವಸ್ತು. ಸಾರ್ಬಿಟಾಲ್ ಸಿಕ್ಕಿದ್ದು 1872ರಲ್ಲಿ, ಸಾರ್ಬಸ್ ಕುಲದ ರೋವನ್ ಮರದ ಕೆಂಪು ಹಣ್ಣಿನಲ್ಲಿ. ಕಂಡುಹಿಡಿದವರು ಬೂಸಿಂಗೋ. ಕ್ಸೈಲಿಟಾಲ್ ಅನ್ನು 1891ರಲ್ಲಿ ಎಮಿಲ್ ಫಿಷರ್ ಮತ್ತು ಅವರ ಜೊತೆಗಾರರು ಬೀಚ್ ಮರದ ಕಟ್ಟಿಗೆಯಿಂದ ಪಡೆದರು. ಗ್ರೀಕಿನಲ್ಲಿ ಕ್ಸೈಲೋನ್ ಅಂದರೆ ಕಟ್ಟಿಗೆ. ನನಗೆ ಎಲ್ಲಕ್ಕಿಂತ ಇಷ್ಟ ಎರಿಥ್ರಿಟಾಲ್. ಹಾಲಿನಷ್ಟು ಬಿಳಿ ಪುಡಿ, ಆದರೆ ಹೆಸರು ಬಂದದ್ದು ಕೆಂಪು ಅನ್ನುವ ಗ್ರೀಕ್ ಪದದಿಂದ. ಸ್ಕಾಟ್ಲೆಂಡಿನ ಸ್ಟೆನ್‌ಹೌಸ್ 1848ರಲ್ಲಿ ಅದನ್ನು ಪಡೆದಿದ್ದು ಬಣ್ಣ ತಯಾರಿಸಲು ಬಳಸುತ್ತಿದ್ದ ಕಲ್ಲುಹೂವಿನಿಂದ. ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವಿನ ಬಳಗದ್ದೇ ಅದು, ಜಾತಿ ಬೇರೆ.

ಆದರೆ ಇದೆಲ್ಲ ಮೊದಲು ಸಿಕ್ಕ ಜಾಗದ ಮಾತಾಯಿತು. ಈಗಿನ ಸಿರಪ್ಪಿಗೆ, ಟೂತ್‌ಪೇಸ್ಟಿಗೆ ಹಾಕುವ ಸಾರ್ಬಿಟಾಲ್‌ಗಾಗಿ ಯಾರೂ ರೋವನ್ ಹಣ್ಣು ಕೀಳುತ್ತಾ ಕೂತಿಲ್ಲ. ಹೆಚ್ಚಾಗಿ ಗೋವಿನಜೋಳದಂಥ ಬೆಳೆಯ ಪಿಷ್ಟದಿಂದ ಗ್ಲೂಕೋಸ್ ಮಾಡಿ, ನಿಕ್ಕಲ್ ಲೋಹ ಇಟ್ಟು, ಜೋರು ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದನ್ನು ತಯಾರಿಸುತ್ತಾರೆ. ಎರಿಥ್ರಿಟಾಲ್ ಗ್ಲೂಕೋಸಿಗೆ ಯೀಸ್ಟ್ ಹಾಕಿ ಹುದುಗಿಸಿದ್ದು. ಫ್ಯಾಕ್ಟರಿಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಹಣ್ಣಿನ ಸಾರ್ಬಿಟಾಲೂ ಫ್ಯಾಕ್ಟರಿಯ ಸಾರ್ಬಿಟಾಲೂ ಒಂದೇ ಅಣು. ನನ್ನ ತಕರಾರು ಬೇರೆ. 'ನೈಸರ್ಗಿಕ' ಅಂತ ಪತ್ರಿಕೆಯಲ್ಲಿ ಓದಿ, ಪ್ಯಾಕೆಟ್ ಮೇಲೆ ಹಸಿರು ಎಲೆ ನೋಡಿ, ಶುಗರ್ ಇದ್ದವರು ಎಷ್ಟು ತಿಂದರೂ ನಡೆಯುತ್ತದೆ ಅಂತ ಡಬ್ಬಿ ಖಾಲಿ ಮಾಡುತ್ತಾರೆ. ಸಕ್ಕರೆಯಲ್ಲಿ ಗ್ರಾಂಗೆ 4 ಕ್ಯಾಲರಿ ಇದ್ದರೆ ಸಾರ್ಬಿಟಾಲ್‌ನಲ್ಲಿ 2.6, ಮಾಲ್ಟಿಟಾಲ್‌ನಲ್ಲಿ 2.1 ಇದೆ. ಎರಿಥ್ರಿಟಾಲ್‌ನಲ್ಲಿ ಮಾತ್ರ ಬರೀ 0.2. ಶುಗರ್ ಫ್ರೀ ಚಾಕಲೇಟಿನಲ್ಲಿ ಸಿಗುವ ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಕಡಿಮೆಯಾದರೂ ಏರಿಸಿಯೇ ಏರಿಸುತ್ತದೆ. ಸಾರ್ಬಿಟಾಲ್ ಜಾಸ್ತಿಯಾದರೆ ಹೊಟ್ಟೆ ಉಬ್ಬರ, ಭೇದಿ. ಹಾಗೆಯೇ ಕ್ಸೈಲಿಟಾಲ್ ಇರುವ ಯಾವುದನ್ನೂ ನಾಯಿಗೆ ಹಾಕಬೇಡಿ ಅಂತ ದಯವಿಟ್ಟು ಬರೆಯಿರಿ. ಮನುಷ್ಯರಿಗೆ ಏನೂ ಮಾಡದ ಪ್ರಮಾಣ ನಾಯಿಯ ಜೀವ ತೆಗೆಯಬಹುದು.

ಒಂದು ಮಾತು ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಯ ರೈತರಿಗೂ ಬೇಕಾದದ್ದು. ಕ್ಸೈಲಿಟಾಲ್‌ಗೆ ಬೇಕಾದ ಕ್ಸೈಲಾನ್ ಎಂಬ ನಾರಿನ ಅಂಶ ಕಾಳು ಬಿಡಿಸಿದ ಗೋವಿನಜೋಳದ ಬೆಂಡಿನಲ್ಲೂ ಇದೆ, ಕಬ್ಬಿನ ಸಿಪ್ಪೆಯಲ್ಲೂ ಇದೆ. ಬೆಂಡು ಒಲೆಗೆ ಹೋಗುತ್ತದೆ, ಸಿಪ್ಪೆ ಫ್ಯಾಕ್ಟರಿಯ ಬಾಯ್ಲರಿಗೆ. ಬೆಳಗಾವಿಯಲ್ಲೇ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಅಲ್ಲಿಯ ತಜ್ಞರನ್ನು ಕೇಳಿ ಈ ಬಗ್ಗೆ ಒಂದು ಬರಹ ಮಾಡಿಸಿದರೆ ಕಬ್ಬು ಬೆಳೆಯುವವರು ಓದುತ್ತಾರೆ.

ಮತ್ತೆ ಈ ವಿಷಯ ಬರೆಯುವಾಗ ಸುಮ್ನೆ 'ಸಕ್ಕರೆ ಆಲ್ಕೋಹಾಲ್' ಅನ್ನದೆ ಒಂದೊಂದರ ಹೆಸರು, ಅದು ಈಗ ಯಾವುದರಿಂದ ತಯಾರಾಗುತ್ತದೆ, ಎಷ್ಟು ಕ್ಯಾಲರಿ ಎಂದು ಹಾಕಿ. ಪ್ಯಾಕೆಟ್ ಹಿಂದೆ ಎಷ್ಟೋ ಸಲ ಹೆಸರಿನ ಬದಲು ಸಂಖ್ಯೆ ಮಾತ್ರ ಇರುತ್ತದೆ, ಅದೂ ಇರಲಿ: 420 ಸಾರ್ಬಿಟಾಲ್, 421 ಮ್ಯಾನಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್, 968 ಎರಿಥ್ರಿಟಾಲ್. ಪೇಪರ್ ಕತ್ತರಿಸಿ ನಮ್ಮ ಕೌಂಟರಿಗೆ ಅಂಟಿಸುತ್ತೇನೆ.

ಒಬ್ಬ ಓದುಗ,
ಮುಧೋಳ, ಬಾಗಲಕೋಟೆ ಜಿಲ್ಲೆ